ಹಳೆಯ ಸಿ.ಎನ್.ಸಿ. ಯಂತ್ರಗಳ ಚಿತ್ರನಳಿಕೆ ಪರದೆ: ದೋಷ ಪತ್ತೆ ಮತ್ತು ದುರಸ್ತಿಯ ಕ್ರಮ

ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್, ಶಿವಮೊಗ್ಗದ ಮಾಚೇನಹಳ್ಳಿ ಮುಂತಾದ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಲ್ಲಿ 1980 ಮತ್ತು 1990ರ ದಶಕಗಳಲ್ಲಿ ತಯಾರಾದ ಸಿ.ಎನ್.ಸಿ. ಲೇತ್‌ಗಳೂ ಮಿಲ್ಲಿಂಗ್ ಯಂತ್ರಗಳೂ ಇಂದಿಗೂ ದುಡಿಯುತ್ತಿರುವುದನ್ನು ಕಾಣಬಹುದು. ಇವುಗಳ ಎರಕದ ದೇಹ, ಸ್ಪಿಂಡಲ್, ಮಾರ್ಗದರ್ಶಿ ಹಳಿಗಳು ಸರಿಯಾಗಿ ನೋಡಿಕೊಂಡರೆ ದಶಕಗಳ ಕಾಲ ಬಾಳುತ್ತವೆ. ಆದರೆ ಅದೇ ಯಂತ್ರದ ಮುಖಭಾಗದಲ್ಲಿರುವ 9 ಅಥವಾ 14 ಅಂಗುಲದ ಚಿತ್ರನಳಿಕೆಯ ಪರದೆಗೆ ಅಷ್ಟು ಆಯುಷ್ಯವಿಲ್ಲ. ಪರದೆ ಕತ್ತಲಾದ ದಿನ ಯಂತ್ರವು ಯಾಂತ್ರಿಕವಾಗಿ ಸಂಪೂರ್ಣ ಸುಸ್ಥಿತಿಯಲ್ಲಿದ್ದರೂ ಕೆಲಸ ನಿಲ್ಲುತ್ತದೆ. ಉಪಕರಣದ ಸ್ಥಾನ, ಎಚ್ಚರಿಕೆಯ ಸಂದೇಶ, ಕಾರ್ಯಕ್ರಮದ ಸಾಲು ಯಾವುದೂ ಕಾಣದೆ ಯಂತ್ರವನ್ನು ಚಾಲನೆ ಮಾಡುವುದು ಅಪಾಯಕಾರಿ.

ಇಂತಹ ಸಂದರ್ಭದಲ್ಲಿ ಉದ್ಯಮಿಯ ಮುಂದೆ ಸಾಮಾನ್ಯವಾಗಿ ಎರಡು ಸಲಹೆಗಳು ಬರುತ್ತವೆ. ಒಂದು, ಇಡೀ ನಿಯಂತ್ರಕವನ್ನೇ ಬದಲಾಯಿಸುವುದು. ಎರಡು, ಯಂತ್ರವನ್ನು ಗುಜರಿಗೆ ಹಾಕುವುದು. ಇವೆರಡೂ ದುಬಾರಿಯಾದವು, ಬಹಳಷ್ಟು ಸಂದರ್ಭಗಳಲ್ಲಿ ಅನಗತ್ಯವೂ ಹೌದು. ಬಿಟ್ಟುಹೋದ ಒಂದು ಬೆಸುಗೆ ಅಥವಾ ಒಣಗಿದ ಒಂದು ಕೆಪಾಸಿಟರ್ ಇಷ್ಟೆಲ್ಲ ತೊಂದರೆಗೆ ಕಾರಣವಾಗಿರಬಹುದು. ಪರದೆಯ ದೋಷಗಳನ್ನು ಲಕ್ಷಣಗಳಿಂದ ಗುರುತಿಸುವ ಕ್ರಮ, ದುರಸ್ತಿಯ ಮಿತಿ ಹಾಗೂ ಬದಲಾವಣೆ ಅನಿವಾರ್ಯವಾಗುವ ಹಂತ, ಇವುಗಳನ್ನು ಇಲ್ಲಿ ವಿವರಿಸಲಾಗಿದೆ. ದುರಸ್ತಿಯನ್ನು ತಂತ್ರಜ್ಞನೇ ಮಾಡಬೇಕು. ಆದರೆ ತಂತ್ರಜ್ಞನು ಹೇಳುವುದನ್ನು ತೂಗಿ ನೋಡುವಷ್ಟು ತಿಳಿವಳಿಕೆ ಮಾಲೀಕನಿಗೂ ಇರಬೇಕು.

ಚಿತ್ರನಳಿಕೆ ಕೆಲಸ ಮಾಡುವ ಬಗೆ

ಜರ್ಮನಿಯ ವಿಜ್ಞಾನಿ ಕಾರ್ಲ್ ಫರ್ಡಿನಾಂಡ್ ಬ್ರೌನ್ 1897ರಲ್ಲಿ ರೂಪಿಸಿದ ಕ್ಯಾಥೋಡ್ ಕಿರಣ ನಳಿಕೆಯೇ ಈ ಪರದೆಗಳ ಮೂಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಒಂದು ಕಾಲದಲ್ಲಿ ಕಪ್ಪು-ಬಿಳುಪು ಚಿತ್ರನಳಿಕೆಗಳನ್ನು ತಯಾರಿಸುತ್ತಿತ್ತು. ಇದರ ರಚನೆಯನ್ನು ನಾಲ್ಕು ಭಾಗಗಳಲ್ಲಿ ಅರ್ಥಮಾಡಿಕೊಳ್ಳಬಹುದು.

ಮೊದಲನೆಯದು, ನಳಿಕೆಯ ಕತ್ತಿನಲ್ಲಿರುವ ಇಲೆಕ್ಟ್ರಾನ್ ಗನ್. ಇಲ್ಲಿ ಸಣ್ಣ ಹೀಟರ್ ತಂತಿಯು ಕ್ಯಾಥೋಡನ್ನು ಕಾಯಿಸುತ್ತದೆ. ಕಾದ ಕ್ಯಾಥೋಡಿನಿಂದ ಇಲೆಕ್ಟ್ರಾನುಗಳು ಹೊರಬೀಳುತ್ತವೆ. ಏಕವರ್ಣದ ಪರದೆಯಲ್ಲಿ ಒಂದು ಕ್ಯಾಥೋಡ್ ಇದ್ದರೆ ಬಣ್ಣದ ಪರದೆಯಲ್ಲಿ ಕೆಂಪು, ಹಸಿರು, ನೀಲಿಗಳಿಗಾಗಿ ಮೂರು ಇರುತ್ತವೆ. ಎರಡನೆಯದು, ಕತ್ತಿನ ಸುತ್ತ ಕೂರಿಸಿದ ಯೋಕ್ ಎಂಬ ತಾಮ್ರದ ಸುರುಳಿ. ಇದರ ಒಂದು ಸುತ್ತು ಕಿರಣವನ್ನು ಎಡದಿಂದ ಬಲಕ್ಕೂ ಇನ್ನೊಂದು ಸುತ್ತು ಮೇಲಿನಿಂದ ಕೆಳಕ್ಕೂ ಬಾಗಿಸುತ್ತದೆ. ಮೂರನೆಯದು, ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್. ಅಡ್ಡ ಚಲನೆಯ ಮಂಡಲದಿಂದಲೇ ಶಕ್ತಿ ಪಡೆದು, ಸಣ್ಣ ಏಕವರ್ಣ ಪರದೆಗಳಿಗೆ ಸುಮಾರು 10 ಸಾವಿರ ವೋಲ್ಟ್‌ನಷ್ಟು, 14 ಅಂಗುಲದ ಬಣ್ಣದ ಪರದೆಗಳಿಗೆ 20 ಸಾವಿರ ವೋಲ್ಟ್‌ಗೂ ಮೇಲ್ಪಟ್ಟು ಒದಗಿಸುವುದು ಇದರ ಕೆಲಸ. ನಾಲ್ಕನೆಯದು, ಗಾಜಿನ ಒಳಮೈಯ ಫಾಸ್ಫರ್ ಲೇಪ. ಇಲೆಕ್ಟ್ರಾನ್ ಬಡಿದೆಡೆ ಇದು ಬೆಳಗುತ್ತದೆ.

ಅತ್ಯುನ್ನತ ವೋಲ್ಟೇಜ್ ಅಡ್ಡ ಚಲನೆಯ ಮಂಡಲದಿಂದಲೇ ಹುಟ್ಟುತ್ತದೆ ಎಂಬುದನ್ನು ನೆನಪಿಡಬೇಕು. ಬಹುಪಾಲು ಪರದೆಗಳಲ್ಲಿ ಈ ಮಂಡಲ ಕೆಟ್ಟರೆ ಚಿತ್ರ ಕಿರಿದಾಗುವುದಿಲ್ಲ. ಪರದೆ ಸಂಪೂರ್ಣ ಕತ್ತಲಾಗುತ್ತದೆ. ಲಂಬ ಚಲನೆಯ ಮಂಡಲ ಕೆಟ್ಟರೆ ಬೆಳಕು ಉಳಿದು ಚಿತ್ರ ಮಾತ್ರ ಕುಸಿಯುತ್ತದೆ. ದೋಷ ಪತ್ತೆಯ ಅರ್ಧ ಭಾಗ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಮುಚ್ಚಳ ತೆರೆಯುವ ಮುನ್ನ

1. ವಿದ್ಯುತ್ ಸಂಪರ್ಕ ತೆಗೆದ ಬಳಿಕವೂ ಚಿತ್ರನಳಿಕೆಯು ದೊಡ್ಡ ಕೆಪಾಸಿಟರಿನಂತೆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ನಳಿಕೆಯ ಮೇಲ್ಭಾಗದ ರಬ್ಬರ್ ಟೊಪ್ಪಿಗೆಯ ಕೆಳಗಿರುವ ಆನೋಡ್ ತುದಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಅಧಿಕ ಮೌಲ್ಯದ ರೆಸಿಸ್ಟರ್ ಅಳವಡಿಸಿದ, ಚೆನ್ನಾಗಿ ಅವಾಹಕ ಹಿಡಿಯುಳ್ಳ ಸಲಾಕೆಯ ಮೂಲಕ, ನಳಿಕೆಯ ಹೊರಮೈಯ ಗ್ರಾಫೈಟ್ ಲೇಪಕ್ಕೆ ತಾಗಿಕೊಂಡಿರುವ ಹೆಣೆದ ತಂತಿಗೆ ಅದನ್ನು ಬರಿದುಮಾಡಬೇಕು. ಕೆಲವು ನಿಮಿಷಗಳ ನಂತರ ಸ್ವಲ್ಪ ವಿದ್ಯುತ್ ಮತ್ತೆ ಕಾಣಿಸಿಕೊಳ್ಳುವುದರಿಂದ ಈ ಕ್ರಿಯೆಯನ್ನು ಪುನರಾವರ್ತಿಸಬೇಕು. ವಿದ್ಯುತ್ ಪೂರೈಕೆ ವಿಭಾಗದ ದೊಡ್ಡ ಕೆಪಾಸಿಟರನ್ನೂ ಪ್ರತ್ಯೇಕವಾಗಿ ಬರಿದುಮಾಡಬೇಕು.

2. ನಳಿಕೆಯೊಳಗೆ ನಿರ್ವಾತವಿದೆ. ಕತ್ತಿನ ಭಾಗ ತೆಳುವಾಗಿದ್ದು ಸಣ್ಣ ಪೆಟ್ಟಿಗೂ ಒಡೆಯಬಲ್ಲದು. ಕನ್ನಡಕ ಧರಿಸದೆ ನಳಿಕೆಯನ್ನು ಬಿಚ್ಚಬಾರದು. ಕತ್ತು ಹಿಡಿದು ಎತ್ತಬಾರದು.

3. ಒಬ್ಬನೇ ಕುಳಿತು ಈ ಕೆಲಸ ಮಾಡಬಾರದು. ವಿದ್ಯುತ್ ಹರಿಯುತ್ತಿರುವಾಗ ಅಳತೆ ಮಾಡಬೇಕಾದರೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬಳಸಬೇಕು ಹಾಗೂ ಒಂದು ಕೈಯನ್ನು ದೂರವಿಡಬೇಕು. ಸಾಮಾನ್ಯ ಮಲ್ಟಿಮೀಟರಿನಿಂದ ಆನೋಡ್ ವೋಲ್ಟೇಜನ್ನು ಎಂದೂ ಅಳೆಯಬಾರದು. ಅದಕ್ಕೆ ವಿಶೇಷ ಹೈವೋಲ್ಟೇಜ್ ಪ್ರೋಬ್ ಬೇಕು.

4. ಜಪಾನಿನ ಹಲವು ಯಂತ್ರಗಳಲ್ಲಿ ಪರದೆಗೆ 100 ಅಥವಾ 200 ವೋಲ್ಟ್ ಪೂರೈಕೆ ಇರುತ್ತದೆ. ಕೆಲವು ಸಣ್ಣ ಪರದೆಗಳು 24 ಅಥವಾ 12 ವೋಲ್ಟ್ ಏಕಮುಖ ವಿದ್ಯುತ್ತಿನಲ್ಲಿ ನಡೆಯುತ್ತವೆ. ಹೊರತೆಗೆದ ಪರದೆಯನ್ನು ಫಲಕ ಓದದೆ 230 ವೋಲ್ಟ್ ಗೋಡೆ ಪ್ಲಗ್ಗಿಗೆ ಸೇರಿಸಿ, ದುರಸ್ತಿಯಾಗಬಹುದಾಗಿದ್ದ ಘಟಕವನ್ನು ಸುಟ್ಟುಹಾಕುವುದು ಸುಲಭ.

5. ಬಹಳಷ್ಟು ಹಳೆಯ ನಿಯಂತ್ರಕಗಳಲ್ಲಿ ಯಂತ್ರದ ಪ್ಯಾರಾಮೀಟರುಗಳೂ ಕಾರ್ಯಕ್ರಮಗಳೂ ಬ್ಯಾಟರಿಯ ಆಸರೆಯಲ್ಲಿ ಉಳಿದಿರುತ್ತವೆ. ಪರದೆ ಕೆಟ್ಟಿತೆಂದು ಯಂತ್ರವನ್ನು ವಾರಗಟ್ಟಲೆ ಆರಿಸಿಟ್ಟಾಗ ಬ್ಯಾಟರಿ ಸತ್ತರೆ, ಪರದೆ ಸರಿಯಾಗಿ ಬಂದ ದಿನ ನಿಯಂತ್ರಕದ ನೆನಪೇ ಅಳಿದುಹೋಗಿರುತ್ತದೆ. ಬ್ಯಾಟರಿಯ ವಯಸ್ಸು ಗೊತ್ತಿಲ್ಲದಿದ್ದರೆ, ತಯಾರಕರ ಕೈಪಿಡಿಯಂತೆ ಅದನ್ನು ಮೊದಲು ಬದಲಾಯಿಸಬೇಕು. ಅನೇಕ ನಿಯಂತ್ರಕಗಳಲ್ಲಿ ಇದನ್ನು ವಿದ್ಯುತ್ ಚಾಲೂ ಇರುವಾಗಲೇ ಮಾಡಬೇಕಾಗುತ್ತದೆ ಎಂಬುದು ಗಮನದಲ್ಲಿರಲಿ.

ದೋಷ ಪರದೆಯದೋ, ನಿಯಂತ್ರಕದ್ದೋ?

ಹಣ ಖರ್ಚು ಮಾಡುವ ಮೊದಲು ಈ ಪ್ರಶ್ನೆಗೆ ಉತ್ತರ ಸಿಗಬೇಕು. ಪರದೆ ಕತ್ತಲಾಗಿದ್ದರೂ ನಿಯಂತ್ರಕದ ಸೂಚಕ ದೀಪಗಳು ಎಂದಿನಂತೆ ಬೆಳಗಿ, ಸರ್ವೋ ಸಿದ್ಧವಾಗುವ ಸದ್ದು ಕೇಳಿಬಂದರೆ ನಿಯಂತ್ರಕ ಜೀವಂತವಾಗಿದೆ ಎಂದು ಬಹುಮಟ್ಟಿಗೆ ತೀರ್ಮಾನಿಸಬಹುದು. ಒಳಗಿನ ಫಲಕದಲ್ಲಿ ದೋಷ ಸೂಚಕ ದೀಪ ಉರಿಯುತ್ತಿದ್ದರೆ ಮೊದಲು ನಿಯಂತ್ರಕದತ್ತ ನೋಡಬೇಕು.

ಮುಂದಿನ ಹೆಜ್ಜೆ ಕೇಬಲ್. ಸಂಕೇತದ ಕೇಬಲಿನ ಕನೆಕ್ಟರನ್ನು ಬಿಚ್ಚಿ, ಬಾಗಿದ ಅಥವಾ ಕಪ್ಪಾದ ಪಿನ್ನುಗಳಿವೆಯೇ ಎಂದು ಪರೀಕ್ಷಿಸಿ, ಸಂಪರ್ಕ ಶುದ್ಧಕದಿಂದ ಒರೆಸಿ ಮತ್ತೆ ಕೂರಿಸಬೇಕು. ಕೂಲಂಟ್ ಎಣ್ಣೆಯ ಆವಿ ಮತ್ತು ಲೋಹದ ಪುಡಿ ಸೇರಿಕೊಂಡ ಕನೆಕ್ಟರುಗಳು ಕಾರ್ಖಾನೆಯಲ್ಲಿ ಸಾಮಾನ್ಯ. ಅದೇ ಮಾದರಿಯ ಇನ್ನೊಂದು ಯಂತ್ರವಿದ್ದರೆ ಅದರ ಪರದೆಯನ್ನು ತಂದು ಜೋಡಿಸಿ ನೋಡುವುದಕ್ಕಿಂತ ಖಚಿತವಾದ ಪರೀಕ್ಷೆ ಬೇರೊಂದಿಲ್ಲ.

ಬೆಳಕಿನ ಗುಂಡಿಯನ್ನು ಪೂರ್ತಿ ಹೆಚ್ಚಿಸಿದಾಗ ಚಿತ್ರವಿಲ್ಲದೆ ಮಸುಕಾದ ಬೆಳಕಿನ ಚೌಕ ಮಾತ್ರ ಕಂಡರೆ, ನಳಿಕೆ, ಯೋಕ್, ಫ್ಲೈಬ್ಯಾಕ್ ಮೂರೂ ಕೆಲಸ ಮಾಡುತ್ತಿವೆ ಎಂದರ್ಥ. ಆಗ ಬರಬೇಕಾದ ಸಂಕೇತವೇ ಬರುತ್ತಿಲ್ಲ, ಇಲ್ಲವೇ ಪರದೆಯೊಳಗಿನ ಚಿತ್ರಸಂಕೇತದ ವರ್ಧಕ ಕೆಟ್ಟಿದೆ.

ಲಕ್ಷಣಗಳಿಂದ ದೋಷದ ಪತ್ತೆ

ಸಂಪೂರ್ಣ ಕತ್ತಲು: ಇಲ್ಲಿ ಎರಡು ಗುರುತುಗಳನ್ನು ನೋಡಬೇಕು. ನಳಿಕೆಯ ಕತ್ತಿನಲ್ಲಿ ಹೀಟರಿನ ಕಿತ್ತಳೆ ಬೆಳಕು ಇದೆಯೇ? ಚಾಲೂ ಮಾಡಿದ ಕ್ಷಣ ಗಾಜಿನ ಮುಂದೆ ಹಿಡಿದ ತೆಳು ಕಾಗದದ ಚೂರು ಅದಕ್ಕೆ ಸೆಳೆಯಲ್ಪಡುತ್ತದೆಯೇ? ಎರಡೂ ಇಲ್ಲದಿದ್ದರೆ ಫ್ಯೂಸ್, ವಿದ್ಯುತ್ ಪೂರೈಕೆ ಅಥವಾ ಅಡ್ಡ ಚಲನೆಯ ಮಂಡಲವನ್ನು ಶಂಕಿಸಬೇಕು. ಹಲವು ಪರದೆಗಳಲ್ಲಿ ಹೀಟರಿಗೂ ಫ್ಲೈಬ್ಯಾಕಿನಿಂದಲೇ ವಿದ್ಯುತ್ ಬರುವುದರಿಂದ ಬೆಳಕಿಲ್ಲದ ಮಾತ್ರಕ್ಕೆ ಹೀಟರ್ ಸುಟ್ಟಿದೆಯೆಂದು ತೀರ್ಮಾನಿಸಲಾಗದು. ಸೆಳೆತವಿದ್ದು ಬೆಳಕಿಲ್ಲದಿದ್ದರೆ ಹೀಟರ್ ಅಥವಾ ಕತ್ತಿನ ಸಾಕೆಟ್ಟಿನ ದೋಷ. ಬೆಳಕಿದ್ದು ಸೆಳೆತವಿಲ್ಲದಿದ್ದರೆ ಹೈವೋಲ್ಟೇಜ್ ಮಂಡಲದ ದೋಷ. ಎರಡೂ ಇದ್ದು ಪರದೆ ಕತ್ತಲಾಗಿದ್ದರೆ ಗನ್ನಿನ ಗ್ರಿಡ್‌ಗಳ ವೋಲ್ಟೇಜ್ ಮತ್ತು ಚಿತ್ರಸಂಕೇತವನ್ನು ಪರೀಕ್ಷಿಸಬೇಕು.

ಫ್ಯೂಸ್ ಮತ್ತೆ ಮತ್ತೆ ಸುಡುವುದು: ಅಡ್ಡ ಚಲನೆಯ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುವುದು ಇದರ ಸಾಮಾನ್ಯ ಕಾರಣ, ವಿದ್ಯುತ್ ಪೂರೈಕೆಯ ಡಯೋಡ್ ಅಥವಾ ಸ್ವಿಚಿಂಗ್ ಟ್ರಾನ್ಸಿಸ್ಟರ್ ಸಹ ಆಗಿರಬಹುದು. ಹೆಚ್ಚಿನ ಆಂಪಿಯರಿನ ಫ್ಯೂಸ್ ಹಾಕುವುದು ಬೆಂಕಿಗೆ ಆಹ್ವಾನ. ಪರ್ಯಾಯ ವಿದ್ಯುತ್ತಿನಲ್ಲಿ ನಡೆಯುವ ಪರದೆಗೆ ಸರಣಿಯಲ್ಲಿ 60 ಅಥವಾ 100 ವ್ಯಾಟಿನ ತಂತಿ ಬಲ್ಬನ್ನು ಜೋಡಿಸಿ ನೋಡುವುದು ತಂತ್ರಜ್ಞರ ಹಳೆಯ ಪದ್ಧತಿ. ಬಲ್ಬ್ ಒಮ್ಮೆ ಮಿಂಚಿ ಮಂದವಾದರೆ ಶಾರ್ಟ್ ಇಲ್ಲ; ಪ್ರಖರವಾಗಿ ಉರಿಯುತ್ತಲೇ ಇದ್ದರೆ ಶಾರ್ಟ್ ಇದೆ. ಟ್ರಾನ್ಸಿಸ್ಟರ್ ಸುಡಲು ಫ್ಲೈಬ್ಯಾಕಿನ ಒಳಸುತ್ತುಗಳ ಶಾರ್ಟ್ ಕಾರಣವಾಗಿದ್ದರೆ ಹೊಸ ಟ್ರಾನ್ಸಿಸ್ಟರೂ ಕ್ಷಣಾರ್ಧದಲ್ಲಿ ಸುಡುತ್ತದೆ. ಆದ್ದರಿಂದ ಮೂಲ ಕಾರಣ ತಿಳಿಯದೆ ಬಿಡಿಭಾಗ ಹಾಕಬಾರದು.

ನಡುವೆ ಒಂದೇ ಅಡ್ಡಗೆರೆ: ಲಂಬ ಚಲನೆ ನಿಂತಿದೆ. ಲಂಬ ಔಟ್‌ಪುಟ್ ಐ.ಸಿ., ಅದಕ್ಕೆ ಬರುವ ವೋಲ್ಟೇಜಿನ ದಾರಿಯಲ್ಲಿರುವ ಸುರಕ್ಷಾ ರೆಸಿಸ್ಟರ್ ಮತ್ತು ಬಿರುಕುಬಿಟ್ಟ ಬೆಸುಗೆಗಳನ್ನು ನೋಡಬೇಕು. ಈ ಐ.ಸಿ. ಬಿಸಿಯಾಗಿ ತಣಿಯುತ್ತಿರುವುದರಿಂದ ಅದರ ಕಾಲುಗಳ ಸುತ್ತ ಬೆಸುಗೆಯಲ್ಲಿ ಉಂಗುರದಂತಹ ಬಿರುಕು ಮೂಡುತ್ತದೆ. ಅಡ್ಡಗೆರೆಯ ತೀವ್ರ ಬೆಳಕು ಫಾಸ್ಫರನ್ನು ಸುಡುವುದರಿಂದ ಪರೀಕ್ಷೆಯ ವೇಳೆ ಬೆಳಕನ್ನು ತೀರ ಕಡಿಮೆಗೊಳಿಸಬೇಕು.

ನಡುವೆ ಒಂದೇ ಲಂಬಗೆರೆ: ಬೆಳಕು ಇರುವುದರಿಂದ ಹೈವೋಲ್ಟೇಜ್ ಇದೆ, ಅಂದರೆ ಅಡ್ಡ ಚಲನೆಯ ಮಂಡಲ ನಡೆಯುತ್ತಿದೆ. ಯೋಕಿಗೆ ಹೋಗುವ ದಾರಿ ಮಾತ್ರ ಕಡಿದಿದೆ. ಯೋಕಿನ ಪ್ಲಗ್, ಅದರ ಬೆಸುಗೆ ಮತ್ತು ಸರಣಿ ಕೆಪಾಸಿಟರನ್ನು ಪರೀಕ್ಷಿಸಿದರೆ ಸಾಮಾನ್ಯವಾಗಿ ದೋಷ ಸಿಗುತ್ತದೆ.

ಚಿತ್ರ ಉರುಳುವುದು ಅಥವಾ ಓರೆಯಾಗಿ ಹರಿಯುವುದು: ಮೇಲೆ-ಕೆಳಗೆ ಉರುಳಿದರೆ ಲಂಬ ಸಿಂಕ್ ಸಂಕೇತವೂ, ಓರೆಗೆರೆಗಳಾಗಿ ಹರಿದರೆ ಅಡ್ಡ ಸಿಂಕ್ ಸಂಕೇತವೂ ತಲುಪುತ್ತಿಲ್ಲ ಅಥವಾ ಆಂತರಿಕ ಆಂದೋಲಕದ ಆವರ್ತನ ಸರಿದಿದೆ. ಕೇಬಲ್ ಸರಿಯಿದ್ದರೆ, ಹಿಂಬದಿಯ ಹೋಲ್ಡ್ ಹೊಂದಾಣಿಕೆಯನ್ನು ಗುರುತು ಹಾಕಿಕೊಂಡು ನಿಧಾನವಾಗಿ ತಿರುಗಿಸಿ ನೋಡಬಹುದು.

ಚಿತ್ರ ಕುಗ್ಗುವುದು ಅಥವಾ ಮಡಚಿಕೊಳ್ಳುವುದು: ನಾಲ್ಕು ಕಡೆಯಿಂದಲೂ ಕುಗ್ಗಿದರೆ ವಿದ್ಯುತ್ ಪೂರೈಕೆಯ ವೋಲ್ಟೇಜ್ ತಗ್ಗಿದೆ. ಮೇಲ್ಭಾಗದಲ್ಲಿ ಅಕ್ಷರಗಳು ಒತ್ತಾಗಿ ಮಡಚಿಕೊಂಡರೆ ಲಂಬ ಮಂಡಲದ ಕೆಪಾಸಿಟರ್ ಒಣಗಿದೆ. ಬೆಳಕು ಹೆಚ್ಚಿಸಿದಂತೆ ಚಿತ್ರ ಹಿಗ್ಗಿ ಮಸುಕಾದರೆ ಹೈವೋಲ್ಟೇಜ್ ಸ್ಥಿರವಾಗಿ ನಿಲ್ಲುತ್ತಿಲ್ಲ.

ಮಸುಕಾದ ಅಕ್ಷರಗಳು: ಫೋಕಸ್ ಹೊಂದಾಣಿಕೆ ಬಣ್ಣದ ಪರದೆಗಳಲ್ಲಿ ಸಾಮಾನ್ಯವಾಗಿ ಫ್ಲೈಬ್ಯಾಕಿನ ಮೇಲೆಯೇ ಇರುತ್ತದೆ. ಬೆಳಗ್ಗೆ ಮಸುಕಾಗಿದ್ದು ಅರ್ಧ ಗಂಟೆ ಕಾದ ಬಳಿಕ ಸ್ಪಷ್ಟವಾದರೆ ಕತ್ತಿನ ಸಾಕೆಟ್ಟಿನಲ್ಲಿ ತೇವಾಂಶದಿಂದ ವಿದ್ಯುತ್ ಸೋರಿಕೆಯಾಗುತ್ತಿದೆ ಎಂದು ಊಹಿಸಬಹುದು. ಮಂಗಳೂರಿನ ಬೈಕಂಪಾಡಿಯಂತಹ ಕರಾವಳಿಯ ಘಟಕಗಳಲ್ಲಿ ಮಳೆಗಾಲದಲ್ಲಿ ಈ ದೋಷವನ್ನು ನಿರೀಕ್ಷಿಸಬೇಕು. ಸಾಕೆಟ್ ಬದಲಾಯಿಸಿದರೆ ಸಾಕು, ನಳಿಕೆ ಬದಲಾಯಿಸಬೇಕಿಲ್ಲ.

ಅತಿ ಪ್ರಕಾಶ ಮತ್ತು ಓರೆಗೆರೆಗಳು: ಪರದೆ ತುಂಬ ಬೆಳಕು ತುಂಬಿ ತೆಳುವಾದ ಓರೆಗೆರೆಗಳು ಕಂಡರೆ ಸ್ಕ್ರೀನ್ ಗ್ರಿಡ್‌ನ ವೋಲ್ಟೇಜ್ ಹೆಚ್ಚಾಗಿದೆ ಅಥವಾ ಚಿತ್ರಸಂಕೇತದ ವರ್ಧಕಕ್ಕೆ ಪೂರೈಕೆ ತಪ್ಪಿದೆ. ಒಂದೇ ಬಣ್ಣ ಪರದೆಯನ್ನು ಆವರಿಸಿದರೆ ಆ ಬಣ್ಣದ ವರ್ಧಕ ಟ್ರಾನ್ಸಿಸ್ಟರ್ ಅಥವಾ ಗನ್ನಿನೊಳಗಿನ ಹೀಟರ್-ಕ್ಯಾಥೋಡ್ ಶಾರ್ಟ್ ಕಾರಣ. ಒಂದು ಬಣ್ಣ ಇಲ್ಲವೇ ಇಲ್ಲವಾದರೆ ಮೊದಲು ಕೇಬಲಿನ ಪಿನ್ನನ್ನೇ ನೋಡಬೇಕು. ವಿ.ಜಿ.ಎ. ಕನೆಕ್ಟರಿನಲ್ಲಿ 1, 2, 3ನೆಯ ಪಿನ್ನುಗಳು ಕ್ರಮವಾಗಿ ಕೆಂಪು, ಹಸಿರು, ನೀಲಿಯವು. 13 ಮತ್ತು 14 ಸಿಂಕ್ ಸಂಕೇತದವು.

ಬಣ್ಣದ ಮಚ್ಚೆಗಳು: ಬಣ್ಣದ ನಳಿಕೆಯೊಳಗಿನ ಲೋಹದ ಜಾಲರಿ ಕಾಂತೀಯಗೊಂಡಾಗ ಮೂಲೆಗಳಲ್ಲಿ ಹಸಿರು ಅಥವಾ ನೇರಳೆ ಮಚ್ಚೆಗಳು ಕಾಣುತ್ತವೆ. ಕಾಂತೀಯ ಚಕ್, ವೆಲ್ಡಿಂಗ್ ಕೇಬಲ್ ಹತ್ತಿರವಿರುವಲ್ಲಿ ಇದು ಸಹಜ. ಚಾಲೂ ಮಾಡಿದಾಗ ಕೆಲಸ ಮಾಡಬೇಕಾದ ಡಿಗಾಸ್ ಸುರುಳಿಯ ಥರ್ಮಿಸ್ಟರ್ ಕೆಟ್ಟಿದ್ದರೆ ಮಚ್ಚೆ ಹೋಗುವುದಿಲ್ಲ. ಕೈ ಡಿಗಾಸ್ ಸುರುಳಿಯನ್ನು ಪರದೆಯ ಮುಂದೆ ವೃತ್ತಾಕಾರವಾಗಿ ಆಡಿಸಿ, ಒಂದೂವರೆ-ಎರಡು ಮೀಟರ್ ಹಿಂದೆ ಸರಿದ ಮೇಲೆಯೇ ಆರಿಸಬೇಕು. ಹತ್ತಿರದಲ್ಲೇ ಆರಿಸಿದರೆ ಮಚ್ಚೆ ಹೆಚ್ಚುತ್ತದೆ.

ಅಲುಗಾಡುವ ಅಕ್ಷರಗಳು: ಇದು ಬಹುತೇಕ ಪರದೆಯ ದೋಷವಲ್ಲ. ಪಕ್ಕದ ಟ್ರಾನ್ಸ್‌ಫಾರ್ಮರ್, ಮೋಟಾರು ಅಥವಾ ಭಾರಿ ಕೇಬಲಿನ 50 ಹರ್ಟ್ಸ್ ಕಾಂತಕ್ಷೇತ್ರವು 60 ಹರ್ಟ್ಸ್‌ನಲ್ಲಿ ಚಿತ್ರ ಬರೆಯುವ ಪರದೆಯ ಕಿರಣವನ್ನು ಎಳೆದಾಗ ಸೆಕೆಂಡಿಗೆ ಸುಮಾರು 10 ಬಾರಿ ತೂಗಾಟ ಕಾಣುತ್ತದೆ. ಪಕ್ಕದ ಯಂತ್ರವನ್ನು ನಿಲ್ಲಿಸಿದಾಗ ತೂಗಾಟ ನಿಂತರೆ ಕಾರಣ ಸಿಕ್ಕಂತೆಯೇ. ಕೇಬಲಿನ ದಾರಿ ಬದಲಿಸುವುದು, ದೂರ ಹೆಚ್ಚಿಸುವುದು, ಭೂಸಂಪರ್ಕವನ್ನು ಸರಿಪಡಿಸುವುದು ಇದರ ಪರಿಹಾರ. ನಿಧಾನವಾಗಿ ಏರುವ ಕಪ್ಪು ಪಟ್ಟಿ ಕಂಡರೆ ವಿದ್ಯುತ್ ಪೂರೈಕೆಯ ಫಿಲ್ಟರ್ ಕೆಪಾಸಿಟರನ್ನು ಶಂಕಿಸಬೇಕು.

ಸುಟ್ಟ ಗುರುತು ಮತ್ತು ಮುಪ್ಪು: ವರ್ಷಗಟ್ಟಲೆ ಒಂದೇ ಪುಟ ತೋರಿಸಿದ ಪರದೆಯಲ್ಲಿ ಅಂಕಿಗಳ ನೆರಳು ಶಾಶ್ವತವಾಗಿ ಉಳಿಯುತ್ತದೆ. ಕಾಯಲು ಬಹಳ ಹೊತ್ತು ಹಿಡಿದು, ಆಮೇಲೂ ಬೆಳಕು ಮಂದವಾಗಿದ್ದರೆ ಕ್ಯಾಥೋಡಿನ ಆಯುಷ್ಯ ಮುಗಿದಿದೆ. ಇವೆರಡಕ್ಕೂ ನಿಜವಾದ ದುರಸ್ತಿ ಇಲ್ಲ. ಹೆಚ್ಚಿನ ವಿದ್ಯುತ್ ಹಾಯಿಸಿ ಕ್ಯಾಥೋಡಿಗೆ ಜೀವ ತುಂಬುವ ವಿಧಾನ ತಾತ್ಕಾಲಿಕವಾದುದು. ಅದಕ್ಕೆ ದೊಡ್ಡ ಮೊತ್ತ ತೆರಬಾರದು.

ಹೆಚ್ಚಾಗಿ ಕೆಡುವ ಬಿಡಿಭಾಗಗಳು

ಹಳೆಯ ಪರದೆಗಳಲ್ಲಿ ಮೊದಲು ಕೆಡುವುದು ಇಲೆಕ್ಟ್ರೋಲೈಟಿಕ್ ಕೆಪಾಸಿಟರುಗಳು. ಇವುಗಳೊಳಗಿನ ದ್ರವ ಕಾಲಕ್ರಮೇಣ ಒಣಗುತ್ತದೆ. ಸುತ್ತಲಿನ ಉಷ್ಣತೆ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದಾಗ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರು ಬಳಸುವ ಸ್ಥೂಲ ನಿಯಮ. ಬದಲಾಯಿಸುವಾಗ ಅದೇ ಮೈಕ್ರೋಫ್ಯಾರಡ್, ಅದೇ ಅಥವಾ ಹೆಚ್ಚಿನ ವೋಲ್ಟೇಜ್, 105 ಡಿಗ್ರಿ ದರ್ಜೆಯದನ್ನು ಬಳಸಿ, ಧ್ರುವಗಳನ್ನು ಸರಿಯಾಗಿ ಜೋಡಿಸಬೇಕು. ಬಿಡಿಭಾಗಗಳ ಬೆಲೆ ಅಲ್ಪವಾದುದರಿಂದ, ಪರದೆಯನ್ನು ಒಮ್ಮೆ ತೆರೆದ ಮೇಲೆ ವಿದ್ಯುತ್ ಪೂರೈಕೆ ಮತ್ತು ಲಂಬ ಮಂಡಲದ ಎಲ್ಲ ಇಲೆಕ್ಟ್ರೋಲೈಟಿಕ್ ಕೆಪಾಸಿಟರುಗಳನ್ನು ಒಟ್ಟಿಗೆ ಬದಲಾಯಿಸುವುದು ಮಿತವ್ಯಯದ ಕ್ರಮ.

ಆದರೆ ಅಡ್ಡ ಔಟ್‌ಪುಟ್ ಟ್ರಾನ್ಸಿಸ್ಟರಿನ ಪಕ್ಕದಲ್ಲಿರುವ, ಸಾಮಾನ್ಯವಾಗಿ ಸಾವಿರ ವೋಲ್ಟ್‌ಗೂ ಮೇಲ್ಪಟ್ಟ ದರ್ಜೆಯ ಫಿಲ್ಮ್ ಕೆಪಾಸಿಟರಿನ ವಿಷಯದಲ್ಲಿ ಯಾವ ಸಡಿಲಿಕೆಯೂ ಸಲ್ಲದು. ಅದರ ಮೌಲ್ಯ ಕಡಿಮೆಯಾದರೆ ಆನೋಡ್ ವೋಲ್ಟೇಜ್ ಮಿತಿಮೀರಿ ಏರುತ್ತದೆ. ಆನೋಡ್ ವೋಲ್ಟೇಜ್ ಏರಿದರೆ ಕ್ಷ-ಕಿರಣದ ಸೂಸುವಿಕೆಯೂ ಏರುತ್ತದೆ. ಆದ್ದರಿಂದ ಅದೇ ಮೌಲ್ಯ, ಅದೇ ದರ್ಜೆ, ಅದೇ ಬಗೆಯದನ್ನೇ ಹಾಕಬೇಕು. ಮಂದವಾದ ಪರದೆಯನ್ನು ಬೆಳಗಿಸಲು ಪೂರೈಕೆ ವೋಲ್ಟೇಜನ್ನು ಏರಿಸುವುದೂ ಇದೇ ಕಾರಣಕ್ಕೆ ನಿಷಿದ್ಧ.

ಒಂದು ಉದಾಹರಣೆ

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಒಂದು ಜಾಬ್ ಘಟಕದಲ್ಲಿ ಸಿ.ಎನ್.ಸಿ. ಲೇತಿನ ಪರದೆ ಬೆಳಗಿನ ಪಾಳಿಯಲ್ಲಿ ಸರಿಯಾಗಿದ್ದು, ಮಧ್ಯಾಹ್ನ ಒಂದೇ ಅಡ್ಡಗೆರೆಯಾಗಿ ಕುಸಿಯುತ್ತದೆ. ಪಕ್ಕಕ್ಕೆ ತಟ್ಟಿದರೆ ಮರಳಿ ಬರುತ್ತದೆ. ನಿಯಂತ್ರಕ ಬದಲಾಯಿಸಬೇಕೆಂಬ ಸಲಹೆ ಬಂದಿದೆ. ಯಂತ್ರದ ಗಂಟೆಯ ದರ 400 ರೂಪಾಯಿ, ದಿನಕ್ಕೆ 16 ಗಂಟೆ ದುಡಿಮೆ ಎಂದಿಟ್ಟುಕೊಂಡರೆ, ನಿಂತ ಪ್ರತಿ ದಿನದ ನಷ್ಟ 6,400 ರೂಪಾಯಿ. ಐದು ದಿನಕ್ಕೆ 32,000 ರೂಪಾಯಿ. ಮಾಲು ತಡವಾಗಿ ಗ್ರಾಹಕನ ವಿಶ್ವಾಸ ಕಳೆದುಕೊಳ್ಳುವ ನಷ್ಟ ಬೇರೆ.

ಲಕ್ಷಣಗಳನ್ನು ಕ್ರಮವಾಗಿ ಓದಿದರೆ ಉತ್ತರ ಸರಳ. ಗೆರೆ ಬೆಳಗುತ್ತಿದೆ, ಆದ್ದರಿಂದ ನಳಿಕೆ ಮತ್ತು ಹೈವೋಲ್ಟೇಜ್ ಸರಿಯಾಗಿವೆ. ಕುಸಿದದ್ದು ಎತ್ತರ ಮಾತ್ರ, ಆದ್ದರಿಂದ ದೋಷ ಲಂಬ ಮಂಡಲದ್ದು. ಕಾದಾಗ ಬರುವುದು, ತಟ್ಟಿದಾಗ ಹೋಗುವುದು ಸಂಪರ್ಕ ದೋಷದ ಲಕ್ಷಣ. ನಿಯಂತ್ರಕಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಲಂಬ ಐ.ಸಿ. ಮತ್ತು ಯೋಕ್ ಪ್ಲಗ್ಗಿನ ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ, ಹಳೆಯ ಬೆಸುಗೆ ತೆಗೆದು ಹೊಸದಾಗಿ ಹಾಕುವುದು ಅರ್ಧ ದಿನದ ಕೆಲಸ. ಇಷ್ಟು ಮಾಡದೆ ನಿಯಂತ್ರಕದ ಖರೀದಿ ಆದೇಶಕ್ಕೆ ಸಹಿ ಹಾಕುವುದು ಜಾಣತನವಲ್ಲ. ಆದರೆ ತಟ್ಟಿ ತಟ್ಟಿ ಓಡಿಸುವುದು ಅದಕ್ಕಿಂತಲೂ ಅಪಾಯಕಾರಿ. ಪರದೆ ಕುಸಿದ ಕ್ಷಣದಲ್ಲಿ ಚಾಲಕನು ಉಪಕರಣದ ಸ್ಥಾನವನ್ನು ಊಹಿಸುವಂತಾಗಬಾರದು.

ದುರಸ್ತಿಯೋ, ಬದಲಾವಣೆಯೋ?

ಕೆಪಾಸಿಟರ್, ಬೆಸುಗೆ, ಸಾಕೆಟ್, ಟ್ರಾನ್ಸಿಸ್ಟರ್, ಸಾಮಾನ್ಯ ಐ.ಸಿ. ಇವುಗಳ ದೋಷಕ್ಕೆ ದುರಸ್ತಿಯೇ ಸೂಕ್ತ. ನಳಿಕೆ ಸವೆದಿದ್ದರೆ ಅಥವಾ ಫ್ಲೈಬ್ಯಾಕ್ ಸುಟ್ಟಿದ್ದರೆ ಬದಲಾವಣೆಯತ್ತ ಯೋಚಿಸಬೇಕು. ಫ್ಲೈಬ್ಯಾಕ್ ಪ್ರತಿ ಮಾದರಿಗೂ ಪ್ರತ್ಯೇಕವಾದುದು. ಹೊಸ ಚಿತ್ರನಳಿಕೆಗಳ ದೊಡ್ಡ ಪ್ರಮಾಣದ ತಯಾರಿಕೆ ನಿಂತುಹೋಗಿರುವುದರಿಂದ ಸಿಗುವುದು ಹಳೆಯ ದಾಸ್ತಾನು ಅಥವಾ ಬಳಸಿದ ಮಾಲು ಮಾತ್ರ.

ಹಳೆಯ ನಿಯಂತ್ರಕವನ್ನು ಉಳಿಸಿಕೊಂಡು, ಅದೇ ಜಾಗದಲ್ಲಿ ಎಲ್.ಸಿ.ಡಿ. ಪರದೆಯನ್ನು ಕೂರಿಸುವುದು ಇಂದು ಬಳಕೆಯಲ್ಲಿರುವ ಮಧ್ಯಮ ಮಾರ್ಗ. ಆದರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಾನಿಟರ್ ಎಲ್ಲ ಸಂಕೇತಗಳನ್ನೂ ಸ್ವೀಕರಿಸುವುದಿಲ್ಲ. ಆದೇಶ ನೀಡುವ ಮೊದಲು ಮೂರು ಅಂಶಗಳನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು.

ಮೊದಲನೆಯದಾಗಿ, ಅಡ್ಡ ಆವರ್ತನ. ವಿ.ಜಿ.ಎ. ಮಟ್ಟದ ಸಂಕೇತ ಸುಮಾರು 31.5 ಕಿಲೋಹರ್ಟ್ಸ್‌ನದು, ಹಳೆಯ ಪರದೆಗಳಲ್ಲಿ ಸುಮಾರು 15.7 ಕಿಲೋಹರ್ಟ್ಸ್ ಅಥವಾ ಇವೆರಡರ ನಡುವಿನ ಮೌಲ್ಯಗಳೂ ಇರುತ್ತವೆ. ಇಂತಹವಕ್ಕೆ ಪರಿವರ್ತಕ ಫಲಕ ಬೇಕು. ಎರಡನೆಯದಾಗಿ, ಸಿಂಕ್ ಸಂಕೇತ ಬರುವ ಬಗೆ. ಅಡ್ಡ ಮತ್ತು ಲಂಬ ಸಿಂಕ್ ಪ್ರತ್ಯೇಕ ತಂತಿಗಳಲ್ಲಿರಬಹುದು, ಒಂದೇ ತಂತಿಯಲ್ಲಿ ಸೇರಿರಬಹುದು ಅಥವಾ ಹಸಿರು ಸಂಕೇತದ ಮೇಲೆಯೇ ಏರಿರಬಹುದು. ಮೂರನೆಯದಾಗಿ, ಚಿತ್ರಸಂಕೇತ ಅನಲಾಗ್ ಬಗೆಯದೋ, ಎರಡೇ ಮಟ್ಟಗಳ ಡಿಜಿಟಲ್ ಬಗೆಯದೋ ಎಂಬುದು. ನಿಯಂತ್ರಕದ ಮಾದರಿ ಸಂಖ್ಯೆ, ಪರದೆಯ ಫಲಕದ ಛಾಯಾಚಿತ್ರ ಮತ್ತು ಕನೆಕ್ಟರಿನ ಪಿನ್ನುಗಳ ಸಂಖ್ಯೆಯನ್ನು ಮಾರಾಟಗಾರನಿಗೆ ಕಳುಹಿಸಿ, ಅದೇ ಮಾದರಿಗೆ ಹೊಂದುವ ಭರವಸೆಯನ್ನು ಬಿಲ್ಲಿನಲ್ಲಿ ನಮೂದಿಸಿಕೊಳ್ಳುವುದು ಕ್ಷೇಮ.

ಬಳಸಿದ ಯಂತ್ರಗಳ ವ್ಯಾಪಾರಿಗಳಿಗೆ

ಹಳೆಯ ಯಂತ್ರಗಳನ್ನು ಕೊಂಡು ಮಾರುವವರಿಗೆ ಪರದೆ ಒಂದು ಕನ್ನಡಿಯಂತೆ. ಯಂತ್ರವನ್ನು ಪೂರ್ತಿ ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಬೇಕು. ಮಾರುವವರು ಮುಂಚಿತವಾಗಿ ಕಾಯಿಸಿಟ್ಟಿದ್ದರೆ ಫೋಕಸ್ ಸೋರಿಕೆ ಮತ್ತು ಕ್ಯಾಥೋಡಿನ ಮುಪ್ಪು ಮರೆಯಾಗಿರುತ್ತವೆ. ಕನಿಷ್ಠ ಅರ್ಧ ಗಂಟೆ ನಡೆಸಿ ನೋಡಿದರೆ ಕಾದಾಗ ಬರುವ ದೋಷಗಳೂ ಬಯಲಾಗುತ್ತವೆ. ಗಾಜಿನ ಮೇಲೆ ಸುಟ್ಟ ಅಂಕಿಗಳ ನೆರಳು ಗಾಢವಾಗಿದ್ದರೆ, ಕಡಿಮೆ ಬಳಸಿದ ಯಂತ್ರವೆಂಬ ಮಾತನ್ನು ಪ್ರಶ್ನಿಸಬೇಕಾಗುತ್ತದೆ. ಇವೆಲ್ಲವನ್ನೂ ಬೆಲೆಯ ಮಾತುಕತೆಯಲ್ಲಿ ಬಳಸಿಕೊಳ್ಳಬಹುದು.

ತೆಗೆದ ನಳಿಕೆಯ ವಿಲೇವಾರಿ

ಬಣ್ಣದ ಚಿತ್ರನಳಿಕೆಯ ಹಿಂಭಾಗದ ಗಾಜಿನಲ್ಲಿ ಸೀಸದ ಪ್ರಮಾಣ ಗಣನೀಯವಾಗಿದೆ. ಕ್ಷ-ಕಿರಣವನ್ನು ತಡೆಯಲೆಂದೇ ಅದನ್ನು ಸೇರಿಸಲಾಗಿರುತ್ತದೆ. ತಾಮ್ರಕ್ಕಾಗಿ ನಳಿಕೆಯನ್ನು ಒಡೆದು ಗಾಜನ್ನು ಕಸದ ರಾಶಿಗೆ ಎಸೆಯುವುದು ಒಡೆಯುವವನಿಗೂ ಮಣ್ಣಿಗೂ ನೀರಿಗೂ ಹಾನಿಕರ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ನಳಿಕೆಯನ್ನು ಒಡೆಯದೆ, ನೋಂದಾಯಿತ ಮರುಬಳಕೆ ಘಟಕಕ್ಕೆ ಒಪ್ಪಿಸಿ ರಸೀದಿ ಪಡೆದು ಕಡತದಲ್ಲಿಡುವುದು ಉತ್ತಮ ರೂಢಿ.

ಮುನ್ನೆಚ್ಚರಿಕೆಯ ಕ್ರಮಗಳು

- ಪರದೆಯ ಹಿಂಬದಿಯ ಫ್ಯಾನ್ ಮತ್ತು ಗಾಳಿಕಿಂಡಿಗಳನ್ನು ನಿಯಮಿತವಾಗಿ ಶುಚಿಗೊಳಿಸುವುದು. ಹೈವೋಲ್ಟೇಜ್ ಧೂಳನ್ನು ಸೆಳೆಯುತ್ತದೆ. ಎಣ್ಣೆ ಬೆರೆತ ಧೂಳು ಕಿಡಿಗೆ ದಾರಿಯಾಗುತ್ತದೆ.
- ಬೆಳಕನ್ನು ಅಗತ್ಯವಿರುವಷ್ಟಕ್ಕೇ ಇಳಿಸಿಡುವುದು. ಪರದೆ ಆರಿಸುವ ಸೌಲಭ್ಯ ನಿಯಂತ್ರಕದಲ್ಲಿದ್ದರೆ ಬಳಸುವುದು.
- ಪ್ಯಾರಾಮೀಟರುಗಳ ಪ್ರತಿಯನ್ನು ಪರದೆ ಸರಿಯಿರುವಾಗಲೇ ತೆಗೆದು ಎರಡು ಕಡೆ ಇಡುವುದು. ಬ್ಯಾಟರಿ ಬದಲಾಯಿಸಿದ ದಿನಾಂಕವನ್ನು ಯಂತ್ರದ ಬಾಗಿಲಿನ ಮೇಲೆ ಬರೆಯುವುದು.
- ದೋಷ ಕಂಡ ಕ್ಷಣ ಪರದೆಯ ಛಾಯಾಚಿತ್ರ ತೆಗೆದು, ಅದು ಬಂದ ವೇಳೆ, ಯಂತ್ರ ನಡೆದ ಅವಧಿ, ಪಕ್ಕದಲ್ಲಿ ನಡೆಯುತ್ತಿದ್ದ ಯಂತ್ರಗಳನ್ನು ದಾಖಲಿಸುವುದು.
- ಕಿಡಿಯ ಸದ್ದು ಅಥವಾ ಸುಟ್ಟ ವಾಸನೆ ಬಂದರೆ ಕೂಡಲೇ ವಿದ್ಯುತ್ ಕಡಿತಗೊಳಿಸುವುದು.

ಚಿತ್ರನಳಿಕೆಯ ಯುಗ ಮುಗಿದಿದೆ. ಆದರೆ ಅದನ್ನು ಹೊತ್ತ ಯಂತ್ರಗಳ ದುಡಿಮೆ ಮುಗಿದಿಲ್ಲ. ಸಣ್ಣ ಉದ್ಯಮಿಯ ಬಂಡವಾಳದ ಬಹುಪಾಲು ಇಂತಹ ಯಂತ್ರಗಳಲ್ಲೇ ತೊಡಗಿರುತ್ತದೆ. ಪರದೆ ಕತ್ತಲಾದಾಗ ಗಾಬರಿಗೊಳ್ಳದೆ ಹೀಟರಿನ ಬೆಳಕು, ಗಾಜಿನ ಸೆಳೆತ, ಗೆರೆಯ ದಿಕ್ಕು ಎಂಬ ಮೂರು ಗುರುತುಗಳನ್ನು ಮೊದಲು ನೋಡಿ, ಆ ಬಳಿಕವೇ ಹಣದ ತೀರ್ಮಾನ ಕೈಗೊಂಡರೆ ಯಂತ್ರವೂ ಉಳಿಯುತ್ತದೆ, ಬಂಡವಾಳವೂ ಉಳಿಯುತ್ತದೆ.